ಊರಿನ ಕಾರಭಾರ

(ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪ ರನ್ನರ ಮಾತನ್ನಾಡುವುದು ವಾಡಿಕೆ. ನಾವಾದರೋ ಬ್ಯಾಂಕಿನ ಗುಮಾಸ್ತರು. ಓದಿದ್ದು ಬಿ.ಕಾಂ.; ಬಲ್ಲದ್ದು ಕಿರ್ದಿ, ಖಾತೆ, ಸಂಜೆಯ ಶಿಲ್ಕು. ಆದುದರಿಂದ ಕಾರ್ಯದರ್ಶಿಗಳು ಬಂದು "ಈ ಸಲ ನೀವೂ ನಾಲ್ಕು ಮಾತಾಡಬೇಕು" ಎಂದಾಗ ನಾವು ಕೈಮುಗಿದು ತಪ್ಪಿಸಿಕೊಳ್ಳಲು ನೋಡಿದೆವು. ಅವರು ಬಿಡಲಿಲ್ಲ. "ಕಾವ್ಯದ ಮಾತು ಬೇಡ, ನೀವು ಮುನ್ಸಿಪಾಲ್ಟಿಗೆ ಅಲೆದ ಕತೆಯನ್ನೇ ಹೇಳಿರಿ, ನಾಲ್ಕು ಜನರಿಗೆ ಉಪಯೋಗವಾದೀತು, ಇಲ್ಲವೆ ನಗಲಿಕ್ಕಾದರೂ ಆದೀತು" ಎಂದರು. ಅಪ್ಪಣೆಯಾದ ಮೇಲೆ ಹೇಳಲೇಬೇಕು.

'ನಾವು ನಾವು' ಎಂದು ಹೇಳಿಕೊಳ್ಳುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ. ಈ ಪಾಠವನ್ನು ಒಬ್ಬರೇ ಕಲಿತದ್ದಲ್ಲ; ಹತ್ತಾರು ಮನೆಯವರು ಕೂಡಿ ತಪ್ಪು ಮಾಡಿ, ಕೂಡಿ ಕಲಿತದ್ದು. ಹೊಗಳಿಕೆ ಬಂದರೆ ಅವರಿಗೂ ಪಾಲಿರಲಿ. ನಗು ಬಂದರೆ ನಮ್ಮೊಬ್ಬರ ತಲೆಗೇ ಎಲ್ಲವೂ ಬೀಳದಿರಲಿ.

ನಮ್ಮ ಊರು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನದು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಹೊರಗೆ ಮರಾಠಿ. ಎರಡೂ ಹಾಲಿನೊಡನೆ ಬಂದವು. 2018ರಲ್ಲಿ ನಮಗೆ ಔರಂಗಾಬಾದಿಗೆ ವರ್ಗವಾಯಿತು. ಆ ಊರಿಗೆ ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂದದ್ದು 2023ರಲ್ಲಿ. ಅದೇ ವರ್ಷ ನಮಗೆ ಈ ನಾಸಿಕಕ್ಕೆ ಬರುವ ಯೋಗ ಕೂಡಿಬಂತು. ಅಲ್ಲಿಗೆ ಹೋದ ಮೊದಲ ವಾರ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಎದುರಿಗೆ ಬಂದ ಬಸ್ಸಿನ ಹಣೆಯ ಮೇಲೆ 'ಕನ್ನಡ' ಎಂದು ಬರೆದಿತ್ತು. ಎದೆ ಅರಳಿತು. ಕಂಡಕ್ಟರರ ಬಳಿಗೆ ಹೋಗಿ "ನಾವೂ ಕನ್ನಡದವರೇ" ಎಂದೆವು. ಅವರು ಸ್ವಲ್ಪವೂ ಬೆರಗಾಗದೆ, "ಹಾಗಾದರೆ ಹತ್ತಿ, ಎಷ್ಟು ತಿಕೀಟು?" ಎಂದರು. ಕನ್ನಡ ಎಂಬುದು ಆ ಜಿಲ್ಲೆಯ ಒಂದು ತಾಲ್ಲೂಕಿನ ಊರು!

ನಗುವ ಮಾತು ಅದಾದರೂ ಆ ಸೀಮೆಗೂ ನಮಗೂ ನಂಟು ಇಲ್ಲದಿಲ್ಲ. ವೇರೂಳಿನ ಕೈಲಾಸ ದೇವಾಲಯವನ್ನು ಕೊರೆಸಿದ ಕೀರ್ತಿ ರಾಷ್ಟ್ರಕೂಟರ ಒಂದನೆಯ ಕೃಷ್ಣನದು. ಆ ವಂಶದವರ ರಾಜಧಾನಿ ಮುಂದೆ ಕಲಬುರ್ಗಿ ಜಿಲ್ಲೆಯ ಮಳಖೇಡವಾಯಿತು. ಇತ್ತೀಚಿನ ಮಾತು ಬೇಕೆಂದರೆ, ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳೂ ಮರಾಠವಾಡೆಯ ಐದು ಜಿಲ್ಲೆಗಳೂ ಒಂದೇ ಹೈದರಾಬಾದು ಸಂಸ್ಥಾನದ ಕೆಳಗೆ ಇದ್ದವು. 1948ರ ಸೆಪ್ಟೆಂಬರ್ 17ರಂದು ಒಟ್ಟಿಗೇ ಬಿಡುಗಡೆ ಹೊಂದಿದವು. 1956ರ ನವೆಂಬರ್ 1ರಂದು ಬೇರೆಯಾದವು. ನಾವು ರಾಜ್ಯೋತ್ಸವವೆಂದು ಆಚರಿಸುವ ಆ ದಿನವೇ ಮರಾಠವಾಡೆಯು ಮುಂಬಯಿ ರಾಜ್ಯಕ್ಕೆ ಸೇರಿತು. ಅಣ್ಣತಮ್ಮಂದಿರು ಪಾಲಾದ ದಿನವನ್ನು ಎರಡು ಮನೆಯವರೂ ಹಬ್ಬವೆಂದೇ ನೆನೆಯಬಹುದು, ತಪ್ಪಿಲ್ಲ.

ಇಷ್ಟು ನಂಟಿದ್ದರೂ ನಾವು ಅಲ್ಲಿ ಇದ್ದದ್ದು ಛತ್ರದಲ್ಲಿ ಇಳಿದವರ ಹಾಗೆ. ಆಫೀಸು, ಮನೆ, ಸಂಘ ಇವು ಮೂರೇ ನಮ್ಮ ಭೂಗೋಲ. ಬೀದಿಯ ದೀಪ ಹಚ್ಚುವವರು ಯಾರು, ಕಸ ಒಯ್ಯುವ ಗಾಡಿ ಯಾರ ಮಾತು ಕೇಳುತ್ತದೆ, ಮನೆಪಟ್ಟಿಯ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯುವ ಗೊಡವೆ ನಮಗಿರಲಿಲ್ಲ. "ನಾವು ಬಂದವರು, ನಾಳೆ ಹೋಗುವವರು" ಎಂಬುದೊಂದು ಮಂತ್ರ ನಮ್ಮ ಬಾಯಲ್ಲಿತ್ತು.

ಆ ಮಂತ್ರ ಬಾಯಿಂದ ಹೋದದ್ದು ಹೇಗೆಂದು ಹೇಳುತ್ತೇವೆ. ಎರಡು ಊರುಗಳಲ್ಲಿ ಯಾವ ಊರು ಎಂದು ಕೇಳಬೇಡಿರಿ. ತಪ್ಪು ಊರಿನದಲ್ಲ, ನಮ್ಮದು.

ಒಂದು ಮಳೆಗಾಲ. ನಳದ ನೀರಿಗೆ ಎರಡು ದಿನ ಏನೋ ವಾಸನೆ. ಮೂರನೆಯ ದಿನ ಹೋಯಿತು. ಹೋಯಿತಲ್ಲ ಎಂದು ಸುಮ್ಮನಾದೆವು. ಮೂರು ವಾರಗಳ ಮೇಲೆ ನಮ್ಮ ಮಗಳ ಕಣ್ಣು ಹಳದಿಯಾಯಿತು. ಅದೇ ಕಟ್ಟಡದ ಇನ್ನಿಬ್ಬರು ಮಕ್ಕಳಿಗೂ ಕಾಮಾಲೆ. ಒಂದು ಮಗು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿತು. ಆಗ ನಮಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ನಾಲ್ವರು ಗಂಡಸರು ರಜೆ ಹಾಕಿ ಅಲೆಯತೊಡಗಿದೆವು. ಮೊದಲು ನಗರಸೇವಕರ ಮನೆಗೆ ಹೋದೆವು. ಅವರ ಅವಧಿಯೇ ಮುಗಿದುಹೋಗಿತ್ತು. ಕಲೆಕ್ಟರರ ಕಚೇರಿಗೆ ಹೋದೆವು. "ನಳದ ನೀರಿಗೂ ಇಲ್ಲಿಗೂ ಸಂಬಂಧವಿಲ್ಲ" ಎಂದು ಜವಾನರೇ ಹೇಳಿ ಕಳಿಸಿದರು. ಕಾರ್ಪೊರೇಷನ್ನಿನ ದೊಡ್ಡ ಕಟ್ಟಡಕ್ಕೆ ಹೋಗಿ, ನೀರಿನ ಬದಲು ನಗರ ರಚನೆಯ ವಿಭಾಗದ ಸಾಲಿನಲ್ಲಿ ಒಂದು ಮಧ್ಯಾಹ್ನ ನಿಂತೆವು. ಮೂರು ದಿನ ಹೀಗೆ ಕಳೆಯಿತು.

ನಮ್ಮ ಕೆಳಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಅವರು ನಮ್ಮನ್ನು ಕೂಡಿಸಿ, ಚಹ ಕೊಟ್ಟು, "ಬ್ಯಾಂಕಿನವರೇ, ನಿಮ್ಮಲ್ಲಿಗೆ ಬಂದ ಗಿರಾಕಿ ಪಾಸ್‌ಬುಕ್ಕು ತಾರದೆ ಸಿಟ್ಟು ಮಾತ್ರ ತಂದರೆ ನೀವು ಏನು ಮಾಡುತ್ತೀರಿ?" ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು. "ಮೊದಲು ವಾರ್ಡ್ ಆಫೀಸಿಗೆ ಹೋಗಿ. ನೀರಿನ ವಿಭಾಗದ ಕನಿಷ್ಠ ಎಂಜಿನಿಯರರನ್ನು ಕಾಣಿ. ಅರ್ಜಿ ಬರೆದು ಕೊಡಿ; ಒಂದು ಪ್ರತಿಯ ಮೇಲೆ ಆವಕದ ಶಿಕ್ಕೆ ಹಾಕಿಸಿಕೊಂಡು ಬನ್ನಿ" ಎಂದರು.

ಹಾಗೆಯೇ ಮಾಡಿದೆವು. ಮಾರನೆಯ ದಿನ ಬೆಳಿಗ್ಗೆ ಇಬ್ಬರು ಬಂದರು. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಔಷಧದ ಹನಿ ಹಾಕಿದರು. ಕ್ಲೋರಿನ್ ಇದ್ದರೆ ನೀರು ಹಳದಿಯಾಗಬೇಕು. ಬೀದಿಯ ದೊಡ್ಡ ಕೊಳವೆಯ ನೀರು ಹಳದಿಯಾಯಿತು. ನಮ್ಮ ಮನೆಯ ನಳದ ನೀರು ಬೆಳ್ಳಗೇ ಉಳಿಯಿತು. ಅಂದರೆ ಕೇಡು ನಡುವೆ ಎಲ್ಲಿಯೋ ಇದೆ. ಅಗೆದು ನೋಡಿದಾಗ ಗೊತ್ತಾಯಿತು: ದೊಡ್ಡ ಕೊಳವೆಯಿಂದ ನಮ್ಮ ಕಟ್ಟಡಕ್ಕೆ ಬರುವ ಸಣ್ಣ ಕೊಳವೆ ಗಟಾರದೊಳಗಿಂದ ಹಾಯ್ದಿದೆ, ತುಕ್ಕು ಹಿಡಿದು ತೂತಾಗಿದೆ. ಆ ಸಣ್ಣ ಕೊಳವೆ ಕಾರ್ಪೊರೇಷನ್ನಿನದಲ್ಲ. ಅದು ಬಳಕೆದಾರರದು. ಅದನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ನಮ್ಮದು!

ಮೂರು ದಿನ ನಾವು ಊರನ್ನೆಲ್ಲ ಬೈದ ಬೈಗುಳ ಆ ಗಟಾರದ ಅಂಚಿನಲ್ಲಿ ನಮ್ಮ ಮೇಲೆಯೇ ತಿರುಗಿ ಬಿತ್ತು. ಪರವಾನಗಿಯುಳ್ಳ ಪ್ಲಂಬರರನ್ನು ಹಿಡಿದು, ರಸ್ತೆ ಅಗೆಯುವ ಶುಲ್ಕ ಕಟ್ಟಿ, ಮನೆಗಿಷ್ಟೆಂದು ವಂತಿಗೆ ಹಾಕಿ, ಗಟಾರವನ್ನು ಬಿಟ್ಟು ಮೇಲಿನಿಂದ ಹೊಸ ಕೊಳವೆ ಹಾಕಿಸಿದೆವು. ಮನೆಗೆ ಬಂದ ಖರ್ಚು ನಾವು ಒಂದು ಹಬ್ಬಕ್ಕೆ ಮಾಡುವುದಕ್ಕಿಂತ ಕಡಿಮೆ. ಅಂದು ರಾತ್ರಿ ನಮ್ಮ ಮನೆಯವರು ಒಂದು ಮಾತು ಹೇಳಿದರು: "ನಿಮ್ಮ ಬ್ಯಾಂಕಿನ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿ ಒಂಬತ್ತರವರೆಗೆ ಹುಡುಕುತ್ತೀರಿ. ಮಗು ಕುಡಿಯುವ ನೀರು ಎಲ್ಲಿಂದ ಬರುತ್ತದೆಂದು ಐದು ವರ್ಷವಾದರೂ ಕೇಳಲಿಲ್ಲವಲ್ಲ." ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಓದಲು ಕುಳಿತೆವು.

ಓದಿ ತಿಳಿದದ್ದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ನಾಸಿಕಕ್ಕೆ ಮುನ್ಸಿಪಾಲ್ಟಿ ಬಂದದ್ದು 1864ರಲ್ಲಿ. ಅದು ಕಾರ್ಪೊರೇಷನ್ ಆದದ್ದು 1982ರ ನವೆಂಬರಿನಲ್ಲಿ. ಔರಂಗಾಬಾದು ಆದದ್ದು ಮರುತಿಂಗಳು, ಡಿಸೆಂಬರಿನಲ್ಲಿ. ಒಂದು ಪೇಶ್ವೆಯರ ಮತ್ತು ಇಂಗ್ಲಿಷರ ಕೈಯಲ್ಲಿ ಬೆಳೆದ ಊರು, ಇನ್ನೊಂದು ನಿಜಾಮನ ಕೈಯಲ್ಲಿದ್ದ ಊರು. ಇಂದು ಎರಡಕ್ಕೂ ಒಂದೇ ಕಾಯಿದೆ: 1949ರ ಮುಂಬಯಿ ಪ್ರಾಂತೀಯ ಕಾರ್ಪೊರೇಷನ್ನುಗಳ ಕಾಯಿದೆ. ಇಂದು ಅದರ ಹೆಸರಿನಲ್ಲಿ ಮುಂಬಯಿಯ ಬದಲು ಮಹಾರಾಷ್ಟ್ರವೆಂದಿದೆ. ನಮ್ಮ ಬೆಳಗಾವಿ, ಧಾರವಾಡಗಳೂ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವೆಂಬುದನ್ನು ನೆನೆದರೆ ಇದು ನಮಗೆ ತೀರ ಪರಕೀಯ ಕಾಯಿದೆಯೇನೂ ಅಲ್ಲ.

ಈ ಕಾಯಿದೆಯಂತೆ ಊರಿನ ಕಾರಭಾರಕ್ಕೆ ಮುಖ್ಯವಾಗಿ ಮೂರು ಕಂಬಗಳು. ಮೊದಲನೆಯದು ಮಹಾಸಭೆ, ಎಂದರೆ ಚುನಾಯಿತ ನಗರಸೇವಕರೆಲ್ಲರ ಸಭೆ. ನಾಸಿಕದಲ್ಲಿ 122 ಜನ, ಸಂಭಾಜಿನಗರದಲ್ಲಿ 115 ಜನ; ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಇದರ ಅಧ್ಯಕ್ಷತೆ ಮೇಯರರದು. ಮರಾಠಿಯಲ್ಲಿ ಮಹಾಪೌರರೆನ್ನುತ್ತಾರೆ, ಅವಧಿ ಎರಡೂವರೆ ವರ್ಷ. ಎರಡನೆಯದು ಸ್ಥಾಯೀ ಸಮಿತಿ. ಹದಿನಾರೇ ಜನ, ವರ್ಷಕ್ಕೆ ಅರ್ಧ ಜನ ನಿವೃತ್ತರಾಗುತ್ತಾರೆ. ಆದರೆ ಖಜಾನೆಯ ಬೀಗದ ಕೈ ಇರುವುದು ಇಲ್ಲಿ. ದೊಡ್ಡ ಗುತ್ತಿಗೆಗಳು ಈ ಬಾಗಿಲಿನಿಂದಲೇ ಹಾಯಬೇಕು. ಮೂರನೆಯದು ಕಮಿಷನರು. ಇವರನ್ನು ನೇಮಿಸುವುದು ಊರಲ್ಲ, ರಾಜ್ಯ ಸರಕಾರ. ಕೆಲಸ ಮಾಡಿಸುವ ಅಧಿಕಾರವೆಲ್ಲ ಇವರದೇ.

ನಾವು ಮೇಯರರೆಂದರೆ ಊರಿನ ಅರಸರೆಂದು ತಿಳಿದಿದ್ದೆವು. ಹಾಗಲ್ಲ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ, ಮೇಯರರು ಆಡಳಿತ ಮಂಡಳಿಯ ಅಧ್ಯಕ್ಷರಿದ್ದ ಹಾಗೆ. ಚೆಕ್ಕಿಗೆ ರುಜು ಹಾಕುವ ಮ್ಯಾನೇಜರು ಕಮಿಷನರು. ಮಂಡಳಿಗೂ ಮ್ಯಾನೇಜರಿಗೂ ಸರಿಬೀಳದಿದ್ದರೆ? ಅದಕ್ಕೂ ಕಾಯಿದೆಯಲ್ಲಿ ದಾರಿಯುಂಟು: ಒಟ್ಟು ನಗರಸೇವಕರಲ್ಲಿ ಎಂಟರಲ್ಲಿ ಐದು ಪಾಲು ಜನ ಮತ ಹಾಕಿದರೆ ಕಮಿಷನರನ್ನು ಸರಕಾರ ಹಿಂದಕ್ಕೆ ಕರೆಸಿಕೊಳ್ಳಬೇಕು. ನಾಸಿಕದ ಲೆಕ್ಕದಲ್ಲಿ ಅದು 77 ಮತ. 2018ರಲ್ಲಿ ಆಸ್ತಿ ತೆರಿಗೆಯ ಏರಿಕೆಯ ಮೇಲೆ ಇಲ್ಲಿ ದೊಡ್ಡ ಗದ್ದಲವೆದ್ದು ಇಂಥ ಗೊತ್ತುವಳಿಯ ಸೂಚನೆಯೂ ಬಂದಿತ್ತು. ಮತಕ್ಕೆ ಬರುವ ಮುಂಚೆ ಹಿಂದೆಗೆದುಕೊಂಡರು.

ತೆರಿಗೆಯ ಮಾತು ಬಂದುದರಿಂದ ಜಮಾ-ಖರ್ಚಿನದನ್ನೂ ಹೇಳಿಬಿಡೋಣ. ನಾಸಿಕ ರೋಡಿನಲ್ಲಿ 1928ರಿಂದ ನೋಟು ಅಚ್ಚಾಗುತ್ತಿವೆ. ಆದರೆ ನೋಟು ಅಚ್ಚುಹಾಕುವ ಊರಿನ ಕಾರ್ಪೊರೇಷನ್ ತಾನಾಗಿ ಒಂದು ರೂಪಾಯಿ ಅಚ್ಚು ಹಾಕಲಾರದು. ಹಿಂದೆ ಊರಿನ ಮುಖ್ಯ ಆದಾಯ ಜಕಾತಿ. ಊರೊಳಗೆ ಬರುವ ಸರಕಿನ ಮೇಲೆ ನಾಕೆಯಲ್ಲಿ ಹಿಡಿದು ವಸೂಲು ಮಾಡುತ್ತಿದ್ದರು. ಆಮೇಲೆ ಅದು ಹೋಗಿ ಸ್ಥಳೀಯ ಸಂಸ್ಥೆಯ ತೆರಿಗೆ ಬಂತು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದು ಅದೂ ಹೋಯಿತು. ಈಗ ರಾಜ್ಯ ಸರಕಾರ ತಿಂಗಳು ತಿಂಗಳಿಗೆ ಪರಿಹಾರದ ಹಣ ಕಳಿಸುತ್ತದೆ. ಸ್ವಂತ ಗಳಿಕೆಯ ಮಗ ಸಂಬಳವನ್ನು ಬಿಟ್ಟು ಅಣ್ಣನ ಮನಿಯಾರ್ಡರಿಗೆ ಕಾದು ಕುಳಿತಂತೆ. ಊರಿನ ಕೈಯಲ್ಲಿ ಉಳಿದ ಸ್ವಂತ ಗಳಿಕೆಯಲ್ಲಿ ದೊಡ್ಡವೆಂದರೆ ಘರಪಟ್ಟಿ, ಪಾಣಿಪಟ್ಟಿ, ಕಟ್ಟಡ ಪರವಾನಗಿಯ ಶುಲ್ಕ. ತೆರಿಗೆಯ ದರವನ್ನು ಮಹಾಸಭೆ ಫೆಬ್ರುವರಿ 20ರೊಳಗೆ ನಿಶ್ಚಯಿಸಬೇಕೆಂದು ಕಾಯಿದೆ. ನಾವೋ ಏಪ್ರಿಲಿನಲ್ಲಿ ಬಿಲ್ಲು ಕಂಡು ಕೂಗುವವರು. ಫೆಬ್ರುವರಿಯಲ್ಲಿ ನಿದ್ದೆ ಮಾಡುವವರು.

ಇನ್ನು ನೀರಿನ ವಿಷಯ. ನಮ್ಮನ್ನು ಓದಿಗೆ ಹಚ್ಚಿದ್ದೇ ನೀರಾದುದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಂಭಾಜಿನಗರವನ್ನು 1610ರಲ್ಲಿ ಖಡಕಿ ಎಂಬ ಹೆಸರಿನಿಂದ ಕಟ್ಟಿದವನು ಮಲಿಕ್ ಅಂಬರ್. ಗುಲಾಮನಾಗಿ ಆಫ್ರಿಕದಿಂದ ಬಂದು ಅಹಮದನಗರದ ನಿಜಾಮಶಾಹಿಯ ಮಂತ್ರಿಯಾದವನು. ಊರಿಗೆ ನೀರು ಬೇಕೆಂದು ಅವನು ಗುಡ್ಡದ ಬುಡದ ಸೆಲೆಗಳನ್ನು ಹಿಡಿದು ನೆಲದೊಳಗಿನ ಕಾಲುವೆಯಿಂದ ತಂದ. ಎತ್ತು ಕಟ್ಟಲಿಲ್ಲ, ಯಂತ್ರ ಹೂಡಲಿಲ್ಲ, ಇಳುಕಲಿನ ಬಲದಿಂದಲೇ ನೀರು ಹರಿದು ಬಂತು. ನಹರ್-ಎ-ಅಂಬರಿ ಎಂದು ಅದರ ಹೆಸರು. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಪಾಣಚಕ್ಕಿಯಲ್ಲಿ ಇಂಥದೇ ಇನ್ನೊಂದು ನಹರಿನ ನೀರು ಬೀಸುವ ಕಲ್ಲನ್ನೂ ತಿರುಗಿಸಿತು. ಬೀದರಿನ ನೌಬಾದಿನ ಸುರಂಗ ಕಾಲುವೆಯನ್ನೋ ವಿಜಾಪುರದ ತೊರವಿಯ ಸುರಂಗ ಬಾವಡಿಯನ್ನೋ ನೋಡಿದವರಿಗೆ ಈ ಜಾಣತನ ಹೊಸದಲ್ಲ.

ಊರು ಬೆಳೆಯಿತು, ನಹರು ಸಾಲದಾಯಿತು. ಈಗ ಸಂಭಾಜಿನಗರದ ನೀರು ಬರುವುದು ಪೈಠಣದ ಜಾಯಕವಾಡಿ ಆಣೆಕಟ್ಟಿನಿಂದ. ಲಾಲ್ ಬಹಾದೂರ ಶಾಸ್ತ್ರಿಗಳು 1965ರಲ್ಲಿ ಅದರ ಅಡಿಗಲ್ಲು ಇಟ್ಟರು. 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಅಲ್ಲಿಂದ ನೀರನ್ನು ಪಂಪು ಹೂಡಿ ಮೇಲಕ್ಕೆ ಎತ್ತಿ ತರಬೇಕು. ಆದ್ದರಿಂದ ಆಣೆಕಟ್ಟು ತುಂಬಿದ್ದರೂ ನಳಕ್ಕೆ ನಾಲ್ಕು ದಿನಕ್ಕೊಮ್ಮೆ, ಆರು ದಿನಕ್ಕೊಮ್ಮೆ ನೀರು ಬಂದ ಕಾಲವನ್ನು ನಾವು ಕಂಡಿದ್ದೇವೆ. ಕೆರೆಯಲ್ಲಿ ನೀರಿದ್ದರೆ ಸಾಲದು. ಕೊಳವೆ ಬೇಕು, ವಿದ್ಯುತ್ತಿನ ಬಿಲ್ಲು ಕಟ್ಟಲು ಹಣ ಬೇಕು. ಹೊಸ ದೊಡ್ಡ ಯೋಜನೆಗೆ 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಾಯಿತು.

ಆ ಜಾಯಕವಾಡಿಗೆ ಬರುವುದು ಯಾವ ನೀರು? ನಮ್ಮ ಈ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿ, ನಾಸಿಕದ ಗಂಗಾಪುರ ಆಣೆಕಟ್ಟನ್ನು ದಾಟಿ, ರಾಮಕುಂಡವನ್ನು ಹಾಯ್ದುಹೋಗುವ ಗೋದಾವರಿಯದೇ. ಮೇಲಿನವರು ಎಲ್ಲವನ್ನೂ ಕಟ್ಟಿಕೊಂಡರೆ ಕೆಳಗಿನವರ ಗತಿಯೇನು? ಇದು ಬಹಳ ವರ್ಷದ ಜಗಳ. ರಾಜ್ಯದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರ 2014ರಲ್ಲಿ ಒಂದು ಆದೇಶ ಮಾಡಿತು. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಸುಮಾರು ನೂರಕ್ಕೆ 65 ಪಾಲು ನೀರಿಲ್ಲದಿದ್ದರೆ ಮೇಲಿನ ಆಣೆಕಟ್ಟುಗಳಿಂದ ಬಿಡಬೇಕು ಎಂಬುದು ಅದರ ಸಾರ. 2016ರಲ್ಲಿ ಮುಂಬಯಿಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಪ್ರಮಾಣ ಸರಿಯೇ ಎಂಬ ಮರುವಿಚಾರವೂ ಆಮೇಲೆ ನಡೆದಿದೆ.

ಇಲ್ಲಿ ನಮ್ಮ ಮನಸ್ಸಿನ ಒಂದು ಗುಟ್ಟನ್ನು ಬಿಚ್ಚಬೇಕು. ಸಂಭಾಜಿನಗರದಲ್ಲಿದ್ದಾಗ ನಾವು "ನಾಸಿಕದವರು ನಮ್ಮ ನೀರು ಹಿಡಿದುಕೊಂಡು ಕುಳಿತಿದ್ದಾರೆ" ಎಂದು ಬೈದವರು. 2023ರಲ್ಲಿ ನಾಸಿಕಕ್ಕೆ ಬಂದೆವು. ಅದೇ ನವೆಂಬರಿನಲ್ಲಿ ಕೆಳಗೆ ನೀರು ಬಿಟ್ಟರು. ಆಫೀಸಿನಲ್ಲಿ ಎಲ್ಲರೊಡನೆ ನಾವೂ "ನಮ್ಮ ನೀರು ಹೋಯಿತಲ್ಲ!" ಎಂದುಬಿಟ್ಟೆವು. ಮಾತು ಬಾಯಿಂದ ಹೊರಬಿದ್ದ ಮೇಲೆ ನಮಗೇ ನಾಚಿಕೆಯಾಯಿತು. ಆರು ತಿಂಗಳ ಹಿಂದೆ ಹೊಟ್ಟೆಯಲ್ಲಿದ್ದ ನ್ಯಾಯ ವರ್ಗಾವಣೆಯ ಒಂದು ಕಾಗದಕ್ಕೆ ತಿರುಗಿ ನಿಂತಿತು! ಕಾವೇರಿ, ಕೃಷ್ಣೆಯರ ಜಗಳದಲ್ಲಿ ನಾವು ಕನ್ನಡಿಗರು ಒಮ್ಮೆ ಮೇಲಿನವರು, ಒಮ್ಮೆ ಕೆಳಗಿನವರು. ಹೊಳೆಯ ಎರಡು ಊರುಗಳಲ್ಲಿ ಮನೆ ಮಾಡಿದ ಮೇಲೆ ನಮಗೆ ಒಂದು ತಿಳಿದಿದೆ: ನೀರಿನ ನ್ಯಾಯವನ್ನು ನಳದ ಮುಂದೆ ನಿಂತು ಹೇಳಬಾರದು, ಲೆಕ್ಕದ ಪುಸ್ತಕ ಬಿಚ್ಚಿ ಹೇಳಬೇಕು. ಲೆಕ್ಕ ಇಲ್ಲದ ಕಡೆ ಗಂಟಲು ದೊಡ್ಡವನದೇ ಗೆಲ್ಲುತ್ತದೆ.

ಕೊನೆಯದಾಗಿ ಮತದ ಮಾತು. ಸಂಭಾಜಿನಗರದ ಮಹಾಸಭೆಯ ಅವಧಿ 2020ರ ಏಪ್ರಿಲಿನಲ್ಲಿಯೂ ನಾಸಿಕದ್ದು 2022ರ ಮಾರ್ಚಿನಲ್ಲಿಯೂ ಮುಗಿಯಿತು. ಸೋಂಕಿನ ಕಾಲ, ಮೀಸಲಾತಿಯ ವ್ಯಾಜ್ಯ, ಪ್ರಭಾಗಗಳ ಗಡಿಯ ತಕರಾರು, ಇವುಗಳಿಂದ ಚುನಾವಣೆ ಮುಂದೆ ಮುಂದೆ ಹೋಯಿತು. ವರ್ಷಗಟ್ಟಲೆ ಮೇಯರಿಲ್ಲ, ಸ್ಥಾಯೀ ಸಮಿತಿಯಿಲ್ಲ. ಕಮಿಷನರೇ ಪ್ರಶಾಸಕರಾಗಿ ಮೂರು ಕಂಬಗಳ ಭಾರವನ್ನೂ ಹೊತ್ತರು. ಲೆಕ್ಕ ಬರೆಯುವವನೂ ಲೆಕ್ಕ ತಪಾಸುವವನೂ ಒಬ್ಬನೇ ಆಗಬಾರದೆಂಬುದು ಬ್ಯಾಂಕಿನ ಮೊದಲ ಪಾಠ, ಒಳ್ಳೆಯವನಾದರೂ ಆಗಬಾರದು. ಕೊನೆಗೆ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಚುನಾವಣೆ ನಡೆಸಿರೆಂದು ಆಜ್ಞೆ ಮಾಡಿ, 2026ರ ಜನವರಿ 15ರಂದು ಮತದಾನವಾಯಿತು. ಒಂದೊಂದು ಪ್ರಭಾಗದಿಂದ ಸಾಧಾರಣವಾಗಿ ನಾಲ್ವರು ನಗರಸೇವಕರು. ಒಬ್ಬೊಬ್ಬ ಮತದಾರರು ನಾಲ್ಕು ಗುಂಡಿ ಒತ್ತಬೇಕು.

ನಾವೂ ಹೊಸ ಅಂಗಿ ತೊಟ್ಟು, ಮಗಳ ಕೈ ಹಿಡಿದು ಮತಗಟ್ಟೆಗೆ ಹೋದೆವು. ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಇರುವುದು ಹೇಗೆ? ಕಾರ್ಪೊರೇಷನ್ನಿಗೆ ಬೇರೆ ಮತದಾರರ ಪಟ್ಟಿಯಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ಪ್ರಭಾಗಗಳಿಗೆ ಒಡೆದು ಹಂಚುತ್ತಾರೆ. ನಮ್ಮ ಹೆಸರು ಅಕ್ಕಲಕೋಟೆಯ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು. ಕಾಯಿದೆಯಂತೆ ಹೆಸರು ಒಂದೇ ಕಡೆ ಇರಬೇಕು, ವಾಸವಾಗಿರುವ ಕಡೆ ಇರಬೇಕು. ಎಲ್ಲವನ್ನೂ ಓದಿದ ನಾವು ಒಂದು ಅರ್ಜಿ ತುಂಬುವುದನ್ನು ಮರೆತಿದ್ದೆವು. ಸಂಜೆ ನಮ್ಮ ಪರಿಚಯದ ಹನ್ನೊಂದು ಕನ್ನಡ ಮನೆಗಳನ್ನು ವಿಚಾರಿಸಿದೆವು. ಮತ ಹಾಕಿದ ಮನೆಗಳು ನಾಲ್ಕು. ಏಳು ಮನೆಯವರು ಘರಪಟ್ಟಿ ಕಟ್ಟುತ್ತಾರೆ, ನೀರು ಕುಡಿಯುತ್ತಾರೆ, ರಸ್ತೆಯ ತಗ್ಗನ್ನು ಬೈಯುತ್ತಾರೆ. ಊರಿನ ಪುಸ್ತಕದಲ್ಲಿ ಮಾತ್ರ ಅವರಿಲ್ಲ. ಮಗಳು ಕೇಳಿದಳು: "ಅಪ್ಪಾ, ನಾವು ಈ ಊರಿನವರಲ್ಲವೆ?"

ಆ ಪ್ರಶ್ನೆಯನ್ನು ತಮ್ಮೆಲ್ಲರ ಮುಂದೆ ಇಡುವುದಕ್ಕಾಗಿಯೇ ಇಷ್ಟು ಹೊತ್ತು ಮಾತಾಡಿದೆವು. ಕನ್ನಡಿಗರಾಗಿ ಉಳಿಯಲು ಊರಿನ ಪರಕೀಯರಾಗಿ ಉಳಿಯಬೇಕಾದುದಿಲ್ಲ. ನಾಡಿನ ಬಾವುಟ ಸಂಘದಲ್ಲಿ ಹಾರಲಿ. ಹೆಸರು ಪ್ರಭಾಗದ ಪಟ್ಟಿಯಲ್ಲಿ ಇರಲಿ.

ನಮ್ಮದು ಸಣ್ಣ ಬಿನ್ನಹ. ಮುಂದಿನ ತಿಂಗಳ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕೋಣ. ಹೆಸರು ವರ್ಗಾಯಿಸುವ ಅರ್ಜಿಗಳನ್ನು ನಾವು ತುಂಬಿಕೊಡುತ್ತೇವೆ. ಗುಮಾಸ್ತರಿಗೆ ಅದೊಂದು ಬಂದೇ ಬರುತ್ತದೆ. ತಮ್ಮ ವಾರ್ಡ್ ಆಫೀಸು ಯಾವುದು, ಮನೆಯ ನೀರಿನ ಕೊಳವೆ ಎಲ್ಲಿಂದ ಹಾಯ್ದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಫೆಬ್ರುವರಿ ಬರುವ ಮುಂಚೆ ಊರಿನ ಅಂದಾಜುಪತ್ರಿಕೆಯನ್ನು ನಾಲ್ವರು ಕೂಡಿ ಓದೋಣ. ಹಿಂದಿನ ವರ್ಷದ್ದನ್ನು ನಾವು ಅರ್ಧ ಓದಿದ್ದೇವೆ. ಉಳಿದರ್ಧಕ್ಕೆ ಜೊತೆ ಬೇಕು.

ಮಗಳು ಈಗ ಚೆನ್ನಾಗಿದ್ದಾಳೆ. ನಳದ ನೀರು ಹಿಡಿಯುವಾಗ ಮೂಸಿ ನೋಡುವ ರೂಢಿ ಮಾತ್ರ ಅವಳಿಗೆ ಉಳಿದಿದೆ. ನಮಗೂ ಉಳಿದಿದೆ.